ಗಂಟಿನ ಕೆಳಗಿನ ಚಿಗುರು

ಕತ್ತರಿ ಮಾಮನ ಕೈಗೆ ಸಿಗದ ತಲೆ ಆ ಬೀದಿಯಲ್ಲೇ ಇರಲಿಲ್ಲ. ಮನೆಯ ಮುಂಭಾಗದಲ್ಲಿ ಮೂವತ್ತು ವರ್ಷದ ಕ್ಷೌರದಂಗಡಿ. ಕುರ್ಚಿಯಲ್ಲಿ ಯಾರು ಕೂತರೂ ಸುಳಿ ಎಲ್ಲಿದೆ, ಎಲ್ಲಿ ಬೋಳಾಗಲಿದೆ ಎಂದು ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ. ಅಂಥವನು ಈಗ ಹಿತ್ತಿಲಲ್ಲಿ ಒಂದು ಗುಲಾಬಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನ ತಲೆಯನ್ನೇ ಕೆರೆದುಕೊಳ್ಳುತ್ತಿದ್ದ.

ಗಿಡ ಹೆಂಡತಿಯದು. ಕೊಂಬೆಯ ತುದಿಯಲ್ಲಿ ಎಂಟು ಹತ್ತು ಹೂ ಒಟ್ಟಿಗೇ ಅರಳುವ ಗೊಂಚಲು ಗುಲಾಬಿ, ಕೇಸರಿಗೆ ಹಾಲು ಬೆರೆಸಿದಂಥ ಬಣ್ಣ. ನರ್ಸರಿಯವಳು ಹೇಳಿಕೊಟ್ಟ ‘ಫ್ಲೋರಿಬಂಡಾ’ ಎಂಬ ಹೆಸರು ಮಾಮನ ನಾಲಿಗೆಗೆ ಹತ್ತಲೇ ಇಲ್ಲ. ಹೆಂಡತಿ ಮಾತ್ರ ಬೆಳಿಗ್ಗೆ ಎದ್ದು ಗಂಡನ ಮುಖ ನೋಡುವ ಮೊದಲು ಅದರ ಮುಖ ನೋಡುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಅವಳ ಅಕ್ಕ ಬಿದ್ದು ಸೊಂಟ ಮುರಿದುಕೊಂಡಳು. ಆರೈಕೆಗೆ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

“ನೀರು ಹಾಕಿ ರೀ, ಅಷ್ಟು ಸಾಕು. ಕತ್ತರಿ ಮಾತ್ರ ಹಿತ್ತಿಲಿಗೆ ತರಬೇಡಿ.”

“ನಾನೇನು ನಿನ್ನೆ ಮೊನ್ನೆ ಕತ್ತರಿ ಹಿಡಿದವನೇನೇ?”

“ಅದಕ್ಕೇ ಹೇಳ್ತಿರೋದು.”

ಅವಳು ಹೋದ ತಿಂಗಳಿಗೆ ಬುಡದಿಂದ ಒಂದು ಚಿಗುರು ದಪ್ಪಗೆ, ನೆಟ್ಟಗೆ ಎದ್ದಿತು. ಪಕ್ಕದ ಹಳೆಯ ಕೊಂಬೆಗಳು ಅದರ ಮುಂದೆ ಬಡಕಲಾಗಿ ಕಂಡವು. ಬಡಕಲನ್ನು ತೆಗೆದರೆ ಗಟ್ಟಿಯಾದದ್ದು ಮೈತುಂಬಿಕೊಳ್ಳುತ್ತದೆ; ಮೂವತ್ತು ವರ್ಷ ಅವನು ಮಾಡಿದ್ದು ಅದನ್ನೇ ಅಲ್ಲವೇ? ಕೈ ತಡೆಯಲಿಲ್ಲ. ಒಂದೊಂದಾಗಿ ತೆಗೆದ.

“ನಿನ್ನ ಗಿಡ ನನ್ನ ಹೆಗಲಿಗೆ ಬಂತು ಕಣೇ!” ಎಂದು ಫೋನಿನಲ್ಲಿ ಬೀಗಿದ.

“ಹೆಗಲಿಗಾ? ಅದು ಸೊಂಟ ದಾಟೋ ಜಾತಿ ಅಲ್ವಲ್ಲ ರೀ!”

“ಕೈಗುಣ ಕಣೇ, ಕೈಗುಣ.”

ಇಂದು ಸಂಜೆ ಅವಳು ಬರುತ್ತಾಳೆ. ಬೆಳಿಗ್ಗೆ ಹೂ ಬಿಟ್ಟಿತ್ತು. ಐದೇ ಎಸಳು, ಅಂಗಿಯ ಗುಂಡಿಯಷ್ಟಗಲ, ಬೆಳ್ಳಗೆ. ಯಾರಾದರೂ ಗಿಡ ಬದಲಾಯಿಸಿದರೇ? ಅಂಗಡಿಯ ಸಾಬೂನಿನ ನೀರು ಹರಿಯಿತೇ? ಬಿಳಿಯನ್ನು ಕಪ್ಪು ಮಾಡುವುದೇ ಅವನ ಕಸುಬು. ಕೇಸರಿ ಬೆಳ್ಳಗಾಗುವ ಬಗೆ ಮಾತ್ರ ತಿಳಿಯದು. ಒಂದು ರೆಂಬೆ ಮುರಿದುಕೊಂಡು ನರ್ಸರಿಗೆ ಓಡಿದ.

ನರ್ಸರಿಯವಳು ನೋಡಿದವಳೇ ನಕ್ಕಳು. “ಅಣ್ಣ, ಇದು ಕಾಡು ಗುಲಾಬಿ. ಅದರ ಬೇರಿಗೇ ನಾವು ಹೂವಿನ ಗಿಡ ಕಸಿ ಕಟ್ಟೋದು. ಕಸಿ ಕಟ್ಟಿದ ಗಂಟಿನ ಕೆಳಗಿಂದ ಬಂದದ್ದು ಕಾಡಿಂದು, ಮೇಲಿಂದು ನಿಮ್ಮದು. ಮೇಲಿಂದು ಏನಾಯ್ತು?”

“ಬಡಕಲಾಗಿತ್ತಮ್ಮ... ತೆಗೆದೆ.”

ಅವಳ ನಗು ನಿಂತಿತು. “ಗಂಟಲ್ಲಿ ಒಂದು ಚಿಗುರು ಉಳಿದಿದ್ರೂ ಸಾಕು, ನೋಡಿ ಹೋಗಿ. ಕಾಡಿನದನ್ನ ಬುಡಸಮೇತ ಹರಿದು ಕೀಳಿ. ಕತ್ತರಿಸಬೇಡಿ, ಕತ್ತರಿಸಿದ್ರೆ ಇನ್ನೂ ದಟ್ಟವಾಗಿ ಬರುತ್ತೆ.”

ಗಿರಾಕಿಗಳಿಗೆ ತಾನೇ ದಿನಾ ಹೇಳುವ ಮಾತು!

ಮಣ್ಣು ಸರಿಸಿ ನೋಡಿದ. ಗಂಟಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಚಿಗುರೋ, ಎಳೆಯ ಮುಳ್ಳೋ? ಅದು ಮುಳ್ಳಾಗಿದ್ದು, ಎತ್ತರದ ಕಾಡು ಕೊಂಬೆಯನ್ನೂ ಕಿತ್ತರೆ ಅವಳ ಪಾಲಿಗೆ ಬರೀ ಮಣ್ಣು. ಕೀಳದೇ ಬಿಟ್ಟರೆ ಕಾಡಿನದೇ ಸಾರವೆಲ್ಲ ಹೀರಿ ಈ ಚುಕ್ಕೆಯೂ ಸಾಯುತ್ತದೆ. ಕೈ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಬೆನ್ನ ಹಿಂದೆ ಚೀಲ ಇಟ್ಟ ಸದ್ದಾಯಿತು.

“ಇದ್ಯಾರ ಗಿಡ ರೀ?”

“ನಿಂದೇ... ಅಂದ್ಕೊಂಡಿದ್ದೆ.”

ನಡೆದದ್ದನ್ನೆಲ್ಲ ತೊದಲಿದ. ಅವಳು ಬೈಯಲಿಲ್ಲ, ಅದೇ ಅವನನ್ನು ಹೆದರಿಸಿತು. ಕನ್ನಡಕ ಹಾಕಿಕೊಂಡು ಬಾಗಿ, ಚುಕ್ಕೆಯನ್ನು ಬೆರಳಿಂದ ಮುಟ್ಟಿದಳು.

“ಚುಚ್ಚಲಿಲ್ಲ.”

“ಹಾಗಾದ್ರೆ ಚಿಗುರಾ?”

“ಎಳೇ ಮುಳ್ಳೂ ಚುಚ್ಚಲ್ಲ. ನಂಗೂ ತಿಳೀತಿಲ್ಲ. ಕೀಳಿ.”

“ಚಿಗುರಲ್ಲದಿದ್ರೆ?”

“ಕೀಳಿ ಅಂದೆ.”

ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಮೂರು ತಿಂಗಳ ಹೆಮ್ಮೆ ಬುಡಸಮೇತ ಹರಿದು ಬಂತು, ಅಂಗೈ ತುಂಬ ರಕ್ತ.

ನಾಲ್ಕನೆಯ ಬೆಳಿಗ್ಗೆ ಗಿರಾಕಿಯೊಬ್ಬನ ಅರ್ಧ ತಲೆ ಮುಗಿದಿತ್ತು. “ರೀ, ಬನ್ನಿ ಇಲ್ಲಿ!” ಎಂಬ ಕೂಗು ಸಿಟ್ಟಿನದೋ ಸಂತೋಷದ್ದೋ ಗೊತ್ತಾಗಲಿಲ್ಲ. ಓಡಿದ. ಚುಕ್ಕೆ ಸೀಳಿ, ಮಡಿಚಿದ ಎರಡು ಕೆಂಪೆಲೆ ಹೊರಬಂದಿದ್ದವು.

ಹತ್ತಿರ ಬಾಗಿದವನನ್ನು ಅವಳು ತಡೆದಳು.

“ಮೊದಲು ಕೈಯಲ್ಲಿರೋದನ್ನ ಅಂಗಡೀಲಿಟ್ಟು ಬನ್ನಿ.”

ನೋಡಿಕೊಂಡ. ಕತ್ತರಿ ಜೊತೆಗೇ ಬಂದಿತ್ತು.