ಮಾಮಿಯ ರಿಪೇರಿ

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಬೆರಳು ಅದು. ಉಗುರು ಅಗಲಕ್ಕೆ ಹರಡಿ ಹೆಬ್ಬೆರಳಿನ ಉಗುರಿನಷ್ಟೇ ಆಗಿತ್ತು. ಆ ಬೆರಳಿನಿಂದ ಅವರು ಕಂಪ್ಯೂಟರಿನ ಎಂಟರ್ ಕೀಗೆ ಹೊಡೆದರೆ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಹೊಡೆತ ಕೀಗೆ ಬಿದ್ದರೂ ಉದ್ದೇಶಿಸಿದ್ದು ನನ್ನನ್ನು ಎಂದು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ.

ಅವರು ನನ್ನ ಗಂಡನ ತಾಯಿ. ತುಳುವಿನಲ್ಲಿ ಅತ್ತೆಯನ್ನು ನಾವು ಮಾಮಿ ಎನ್ನುತ್ತೇವೆ. ಮೂಡಬಿದಿರೆಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಶಾಲೆಗೆ ಮೊದಲ ಕಂಪ್ಯೂಟರ್ ಬಂದ ಕಾಲದಲ್ಲಿ ಅದು ಕೆಟ್ಟರೆ ಮಂಗಳೂರಿನಿಂದ ಜನ ಬರಬೇಕಿತ್ತಂತೆ. ನಾಳೆ ಬರುತ್ತೇವೆ ಎಂದವರು ತಿಂಗಳಾದರೂ ಬರುತ್ತಿರಲಿಲ್ಲ. ಕಾದು ಸಾಕಾಗಿ ಇವರೇ ಒಂದು ಮಧ್ಯಾಹ್ನ ಸ್ಕ್ರೂ ಬಿಚ್ಚಿದರು. ಆಮೇಲೆ ಆ ಶಾಲೆಗೆ ಮಂಗಳೂರಿನವರ ಅಗತ್ಯ ಬೀಳಲಿಲ್ಲ. ಮಾಮಿಗೆ ಜಗತ್ತಿನ ಎಲ್ಲ ರಿಪೇರಿಯವರ ಮೇಲೂ ಒಂದು ಶಾಶ್ವತ ತಿರಸ್ಕಾರ ಹುಟ್ಟಿಕೊಂಡದ್ದು ಆಗಲೇ.

ಅಳದಂಗಡಿಯಿಂದ ನಾನು ಸೊಸೆಯಾಗಿ ಆ ಮನೆಗೆ ಬಂದಾಗ ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ಹತ್ತಿರದ ಕಾಲೇಜಿನಲ್ಲಿ ಅದೇ ವಿಷಯ ಪಾಠ ಹೇಳುತ್ತಿದ್ದೆ. ಗಂಡ ದುಬೈಯಲ್ಲಿ. ಮನೆಯಲ್ಲಿ ಇದ್ದದ್ದು ನಾವಿಬ್ಬರು ಮತ್ತು ಹಾಲ್‌ನ ಮೂಲೆಯಲ್ಲಿ ಕೈಮಗ್ಗದ ಟವೆಲ್ ಹೊದ್ದುಕೊಂಡ ಒಂದು ಹಳೆಯ ಡೆಸ್ಕ್‌ಟಾಪ್. ಒಳಗಿನ ಮೆಮೊರಿ ಪಟ್ಟಿಯನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಫ್ಯಾನಿನ ಧೂಳನ್ನು ಪೇಂಟ್ ಬ್ರಷ್‌ನಿಂದ ಗುಡಿಸುವ ಈ ಹೆಂಗಸನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ಇದೂ ಒಂದು ವಿದ್ಯೆಯೇ ಎಂದುಕೊಳ್ಳುತ್ತಿದ್ದೆ. ನನ್ನ ತಿರಸ್ಕಾರ ಒಳಗೊಳಗೇ, ಅವರದು ಬಾಯಿಬಿಟ್ಟು.

ಬಂದ ಮೊದಲ ತಿಂಗಳಲ್ಲೇ ಒಂದು ದಿನ ಕಂಪ್ಯೂಟರ್ ಜೀವ ಬಿಟ್ಟಿತು. ನಾನು ನಾಲ್ಕು ಸಲ ಬಟನ್ ಒತ್ತಿ, "ಪವರ್ ಸಪ್ಲೈ ಸುಟ್ಟುಹೋಗಿದೆ, ಅಂಗಡಿಗೆ ಕೊಂಡು ಹೋಗಬೇಕು" ಎಂದು ತೀರ್ಪು ಕೊಟ್ಟೆ. ಮಾಮಿ ಬಂದು ಮೇಜಿನಡಿಗೆ ಬಗ್ಗಿದರು. ಗುಡಿಸುವಾಗ ಪೊರಕೆ ತಾಗಿ ಕೆಳಗಿನ ಸ್ವಿಚ್ ಆಫ್ ಆಗಿತ್ತು. ಅವರು ಎದ್ದು ನಿಂತು, ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದರು:

"ನೀನು ಓದಿದ ಪುಸ್ತಕದಲ್ಲಿ ಪ್ಲಗ್ ಎಂಬ ಪಾಠ ಇರಲಿಲ್ಲವಾ?"

ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲಿ. ಮಾಮಿ ಕನ್ನಡಕ್ಕೆ ಬರುತ್ತಿದ್ದದ್ದು ಬೈಯುವಾಗ ಮಾತ್ರ. ಶಾಲೆಯ ಆಫೀಸಿನ ಕನ್ನಡ, ಒಂದೊಂದು ಅಕ್ಷರವೂ ಬಿಡಿಬಿಡಿ, ನೋಟಿಸಿನಲ್ಲಿ ಟೈಪ್ ಮಾಡಿದ ಹಾಗೆ. ಅಂಥ ಕನ್ನಡದಲ್ಲಿ ಬೈಸಿಕೊಂಡವರು ತಿರುಗಿ ಮಾತಾಡುವುದಿಲ್ಲ.

ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಅವರು ಕಂಪ್ಯೂಟರಿನ ಕಾಯಿಲೆಗಳನ್ನೆಲ್ಲ ಬರೆದಿಡುತ್ತಿದ್ದರು. ಎಡಕ್ಕೆ ತೊಂದರೆ, ಬಲಕ್ಕೆ ಕಾರಣ. ಪರದೆಯ ಮೇಲೆ ಎರರ್ ಬಂದರೆ ಅದನ್ನು ಓದದೆ ಓಕೆ ಒತ್ತುವವರನ್ನು ಕಂಡರೆ ಅವರಿಗೆ ಆಗದು. "ಅದು ನಿನ್ನೊಟ್ಟಿಗೆ ಮಾತಾಡ್ತಾ ಉಂಟು. ಬಾಯಿ ಮುಚ್ಚಿಸುವುದು ಎಂತಕ್ಕೆ? ಮೊದಲು ಬರೆದುಕೋ" ಎನ್ನುವರು. ಎರಡು ಬದಲಾವಣೆ ಒಟ್ಟಿಗೆ ಮಾಡಿದರಂತೂ ಮುಗಿಯಿತು: "ಈಗ ಸರಿಯಾಯಿತಲ್ಲ, ಯಾವುದರಿಂದ ಸರಿಯಾಯಿತು, ಹೇಳು ನೋಡುವ." ಒಮ್ಮೆ ಅವರಿಲ್ಲದಾಗ ಆ ಪುಸ್ತಕ ತೆರೆದು ನೋಡಿದೆ. 'ಪ್ರಿಂಟರ್ ನಿಂತಿದೆ' ಎಂಬುದರ ಎದುರು, ಕಾರಣದ ಜಾಗದಲ್ಲಿ, ದುಂಡು ಅಕ್ಷರದಲ್ಲಿ ಬರೆದಿತ್ತು: 'ಸೊಸೆ.' ಪ್ರಿಂಟ್ ಬರಲಿಲ್ಲ ಎಂದು ನಾನು ಹನ್ನೊಂದು ಸಲ ಒತ್ತಿ, ಹನ್ನೊಂದು ಕೆಲಸ ಸಾಲಿನಲ್ಲಿ ಸಿಕ್ಕಿಹಾಕಿಕೊಂಡ ದಿನ ಅದು.

ಅವರ ಎದುರು ನಾನು ಪೂರ್ತಿ ಸೋತದ್ದು ಒಂದು ಮಳೆಗಾಲದಲ್ಲಿ. ಇಂಟರ್ನೆಟ್‌ನಲ್ಲಿ ಯಾವ ಪುಟ ತೆರೆದರೂ 'ಇದು ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಕಾಲೇಜಿನ ಪ್ರಶ್ನೆಪತ್ರಿಕೆ ಕಳಿಸಲು ಎರಡೇ ದಿನ ಉಳಿದಿತ್ತು. ನಾನು ಬ್ರೌಸರ್ ತೆಗೆದು ಹೊಸದು ಹಾಕಿದೆ, ವೈರಸ್ ಹುಡುಕಿದೆ, ಇಂಟರ್ನೆಟ್ ಕಂಪೆನಿಯವರಿಗೆ ಫೋನ್ ಮಾಡಿ ಜಗಳಾಡಿದೆ. ಎರಡನೆಯ ದಿನ ಮಧ್ಯಾಹ್ನ, ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡುವುದೇ ಸರಿ ಎಂದು ಕೂತಾಗ ಮಾಮಿ ಹಿಂದೆ ಬಂದು ನಿಂತರು.

"ಇವತ್ತು ಯಾವ ವರ್ಷ?"

"ಎಂತ ಮಾಮಿ ಈ ಹೊತ್ತಿನಲ್ಲಿ..."

"ಯಾವ ವರ್ಷ ಎಂದು ಕೇಳಿದೆ. ನಿನ್ನ ಕಂಪ್ಯೂಟರಿನಲ್ಲಿ ನಿನಗೆ ಇನ್ನೂ ಮದುವೆ ಆಗಲಿಲ್ಲ."

ಪರದೆಯ ಮೂಲೆಯಲ್ಲಿ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ತಾರೀಕು ತಪ್ಪಿದರೆ ಯಾವ ಪುಟವನ್ನೂ ಅದು ನಂಬುವುದಿಲ್ಲ. ಮಾಮಿ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ತಾರೀಕು ನೆನಪಿಡಲು ಇರುವ ಬಿಲ್ಲೆಯಂಥ ಒಂದು ಸೆಲ್ ಎಬ್ಬಿಸಿ ನನ್ನ ಅಂಗೈಗೆ ಹಾಕಿದರು. "ವಾಚಿನ ಅಂಗಡಿಯಲ್ಲಿ ಇಂಥದ್ದೇ ಕೇಳು. ದಾರಿಯಲ್ಲಿ ಯಾರಿಗೂ ಎಂ.ಎಸ್ಸಿ. ಎಂದು ಹೇಳಬೇಡ." ಹೊಸ ಸೆಲ್ ಹಾಕಿ ತಾರೀಕು ಸರಿ ಮಾಡಿದ ಮೇಲೆ ಎಲ್ಲವೂ ಮೊದಲಿನಂತೆ ತೆರೆದುಕೊಂಡಿತು. ನನಗೆ ಸಂತೋಷವಾಗಲಿಲ್ಲ. ಅವರ ಮೇಲೆ ಸಿಟ್ಟು ಬಂತು.

ಆ ಸಿಟ್ಟನ್ನು ನಾನು ವರ್ಷಗಟ್ಟಲೆ ಜೋಪಾನ ಮಾಡಿದೆ. ಅವರ ರೀತಿಗಳನ್ನೆಲ್ಲ ಕಲಿತೆ, ಕಾಲೇಜಿನಲ್ಲಿ ಅವನ್ನೇ ನನ್ನದೆಂಬಂತೆ ಹೇಳಿ ಹೆಸರು ತೆಗೆದುಕೊಂಡೆ, ಮನೆಗೆ ಬಂದು ಅವರ ಮೇಲೇ ಮುಖ ಗಂಟುಹಾಕಿದೆ. ಒಂದೇ ಒಂದು ಸಲ ಅವರು ತಪ್ಪಲಿ ಎಂದು ಕಾಯುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಆ ಸಲವೂ ಬಂತು. ಒಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಮಾಮಿ ಕಂಪ್ಯೂಟರಿನ ಎದುರು ಫೋನ್ ಕಿವಿಗೆ ಒತ್ತಿಕೊಂಡು ಕೂತಿದ್ದರು. ಪಕ್ಕದ ಮನೆಯ ಹೆಂಗಸು ಅವರ ಬಳಿ ಗಾಬರಿಯಲ್ಲಿ ನಿಂತಿದ್ದರು. ಪರದೆಯ ತುಂಬ ಕೆಂಪು, ನಡುವೆ ದೊಡ್ಡ ಅಕ್ಷರದಲ್ಲಿ ಒಂದು ಫೋನ್ ನಂಬರ್. ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಕೂಡಲೇ ಕರೆ ಮಾಡಿ ಎಂಬ ಮೋಸದ ಪುಟ ಅದು. ಮಾಮಿ ಆ ನಂಬರಿಗೆ ಕರೆ ಮಾಡಿದ್ದರು. ಆಚೆಯಿಂದ ಒಬ್ಬ ಹೇಳಿದ್ದನ್ನೆಲ್ಲ ಒತ್ತಿದ್ದರು. ನಾನು ನೋಡುತ್ತಿದ್ದಂತೆ, ಮೌಸ್ ಯಾರೂ ಮುಟ್ಟದೆ, ಬಾಣ ತಾನಾಗಿ ಪರದೆಯ ಮೇಲೆ ಓಡಾಡುತ್ತಿತ್ತು.

ನಾನು ಓಡಿಹೋಗಿ ಇಂಟರ್ನೆಟ್‌ನ ವಯರ್ ಕಿತ್ತೆಸೆದೆ. ಅಷ್ಟರಲ್ಲಿ ಅವನು ನಮಗೆ ತಿಳಿಯದ ಪಾಸ್‌ವರ್ಡ್ ಹಾಕಿ ಯಂತ್ರಕ್ಕೆ ಬೀಗ ಜಡಿದಿದ್ದ. ಬ್ಯಾಂಕಿನ ವಿವರ ಕೇಳಿದಾಗ ಮಾಮಿ ಕೊಟ್ಟಿರಲಿಲ್ಲ, ಆ ಸಿಟ್ಟಿಗೆ ಅವನು ಹಾಗೆ ಮಾಡಿದ್ದ. ನಷ್ಟವೇನೂ ಆಗಿರಲಿಲ್ಲ, ತಿಂಗಳಿಗೊಮ್ಮೆ ಎಲ್ಲವನ್ನೂ ಬೇರೆ ಡಿಸ್ಕಿಗೆ ತೆಗೆದಿಡುವ ಅಭ್ಯಾಸ ಅವರದೇ. ಮತ್ತೆ ಸರಿ ಮಾಡಲು ಒಂದು ದಿನದ ಕೆಲಸ, ಅಷ್ಟೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಪಕ್ಕದ ಮನೆಯವರ ಎದುರಿನಲ್ಲೇ, ಕನ್ನಡದಲ್ಲಿ, ಅಕ್ಷರ ಬಿಡಿಸಿ ಬಿಡಿಸಿ ಹೇಳಿದೆ:

"ಊರಿನವರನ್ನೆಲ್ಲ ಬೈಯುವ ನಿಮಗೆ ಒಂದು ವಯರ್ ಎಳೆಯಲಿಕ್ಕೆ ಬರಲಿಲ್ಲವಾ?"

ಮಾಮಿ ಫೋನನ್ನು ಮೇಜಿನ ಮೇಲೆ ಇಟ್ಟರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹೌದು, ಬರಲಿಲ್ಲ" ಎಂದು ತುಳುವಿನಲ್ಲೇ ಹೇಳಿ ಒಳಗೆ ಹೋದರು. ಆ ದಿನದಿಂದ ಅವರು ಕಂಪ್ಯೂಟರ್ ಮುಟ್ಟಲಿಲ್ಲ. ಯಾರಾದರೂ ಏನಾದರೂ ಕೇಳಿಕೊಂಡು ಬಂದರೆ, "ನನಗೆ ಎಂತ ಗೊತ್ತುಂಟು, ಅವಳನ್ನು ಕೇಳಿ" ಎನ್ನುತ್ತಿದ್ದರು. ಅದರಲ್ಲಿ ಕೊಂಕೂ ಇರಲಿಲ್ಲ. ನಾನು ಗೆದ್ದಿದ್ದೆ, ಮನೆಯಲ್ಲಿ ಸದ್ದಿಲ್ಲ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರು ಲೋಟಕ್ಕೆ ಚಾ ಹೊಯ್ಯುವುದನ್ನು ನೋಡಿದೆ. ಲೋಟದ ಅಂಚಿಗೆ ಬೆರಳು ಇಟ್ಟು, ಬಿಸಿ ತಾಗಿದಾಗ ನಿಲ್ಲಿಸುತ್ತಿದ್ದರು. ಎಂತ ಮಾಮಿ ಎಂದರೆ ಎಂತ ಇಲ್ಲ ಎಂದರು. ಮರುದಿನವೇ ಬಲವಂತ ಮಾಡಿ ಕಣ್ಣಿನ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಎರಡೂ ಕಣ್ಣಿನಲ್ಲಿ ಪೊರೆ ಕಟ್ಟಿತ್ತು. "ಒಂದು ವರ್ಷದಿಂದ ಸಣ್ಣ ಅಕ್ಷರ ಇವರಿಗೆ ಕಂಡಿರಲಿಕ್ಕಿಲ್ಲ. ನೀವು ಗಮನಿಸಲಿಲ್ಲವಾ?" ಎಂದು ಡಾಕ್ಟರ್ ನನ್ನನ್ನು ಕೇಳಿದರು.

ಆ ಕೆಂಪು ಪುಟದಲ್ಲಿ ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆಯಷ್ಟಿತ್ತು. ಎಚ್ಚರಿಕೆಯ ಸಾಲುಗಳೂ ಸಣ್ಣವು. ಅವರಿಗೆ ಕಂಡದ್ದು ದೊಡ್ಡ ನಂಬರ್ ಒಂದೇ. ಬೇರೆಯವರನ್ನು ಬೈಯುವುದರಲ್ಲಿ ಅಷ್ಟು ಧಾರಾಳವಾಗಿದ್ದ ಹೆಂಗಸು ತನಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಲು ನಾಚಿದ್ದರು. ಹೇಳಿದರೆ ನಾನು ನಗುತ್ತೇನೆ ಎಂದು ಅವರಿಗೆ ಗೊತ್ತಿತ್ತು. ನಾನು ನಗುತ್ತಿದ್ದೆ ಕೂಡ.

ಆಪರೇಷನ್ ಆಯಿತು, ಎರಡು ಕಣ್ಣೂ ನಿಚ್ಚಳವಾದವು. ಪೇಪರಿನ ಮೂಲೆಯ ಸಣ್ಣ ಜಾಹೀರಾತನ್ನೂ ಓದಿ ಅದರ ತಪ್ಪು ಹಿಡಿಯುತ್ತಿದ್ದರು. ಹಾಲ್‌ನ ಆ ಮೂಲೆಗೆ ಮಾತ್ರ ಬರಲಿಲ್ಲ. ನಾನು ಬೇಕೆಂದೇ ಎರರ್ ಓದದೆ ಓಕೆ ಒತ್ತಿದೆ. ಅವರು ಹಿಂದಿನಿಂದ ದಾಟಿಹೋದರು. ಟವೆಲ್ ತೆಗೆದು ಧೂಳು ಕೂರಲು ಬಿಟ್ಟೆ. ಅದಕ್ಕೂ ಬೈಗುಳ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಪರದೆಯ ಕೇಬಲ್ ಸಡಿಲ ಮಾಡಿಟ್ಟು, ಬಸಳೆ ಸೋಸುತ್ತಿದ್ದ ಅವರನ್ನು ಕರೆದೆ.

"ಮಾಮಿ, ಸ್ಕ್ರೀನ್ ಬರ್ತಾ ಇಲ್ಲ."

"ಅಂಗಡಿಗೆ ಕೊಂಡು ಹೋಗು."

"ಅವರು ಫಾರ್ಮ್ಯಾಟ್ ಮಾಡಿ ಕೊಡ್ತಾರೆ."

ಬಸಳೆಯ ಮೊರ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಕೈ ಒರೆಸಿಕೊಂಡು ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ, ಪರದೆಯ ಹಿಂದೆ ಕೈ ಹಾಕಿ ತಡಕಿದರು. ಕೇಬಲಿನ ಎರಡು ತಿರುಪುಗಳನ್ನು ಮುಟ್ಟಿ ನೋಡಿದರು. ನನ್ನ ಮುಖ ನೋಡಿದರು.

"ಇದು ಸಡಿಲ ಆದದ್ದಲ್ಲ, ಸಡಿಲ ಮಾಡಿದ್ದು. ಎರಡು ಕಡೆಯ ತಿರುಪು ಒಂದೇ ದಿನ, ಒಂದೇ ಲೆಕ್ಕದಲ್ಲಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ." ಕನ್ನಡ! ಒಂದೊಂದು ಅಕ್ಷರವೂ ಬಿಡಿಬಿಡಿ. "ಹಾಳು ಮಾಡಲಿಕ್ಕೂ ನಿನಗೆ ಸರಿಯಾಗಿ ಬರುವುದಿಲ್ಲವಲ್ಲ ಮಾರಾಯ್ತಿ. ಕಾಲೇಜಿನವರು ನಿನ್ನನ್ನು ಹೇಗೆ ಇಟ್ಟುಕೊಂಡಿದ್ದಾರೆ?"

"ಗೊತ್ತಿಲ್ಲ ಮಾಮಿ" ಎಂದೆ. ಅವರು ತಿರುಪು ಬಿಗಿ ಮಾಡಿ, ಕುರ್ಚಿ ಎಳೆದು ಕೂತು, ಧೂಳನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದರು.

ಮತ್ತೆ ಒಂದೂವರೆ ವರ್ಷ ಬೈದರು. ಹೋದ ಮಳೆಗಾಲದಲ್ಲಿ, ಬೆಳಗ್ಗೆ ಸ್ನಾನ ಮುಗಿಸಿ ಬಂದವರು ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ತಲುಪುವ ಮೊದಲೇ ಹೋಗಿದ್ದರು. ಕ್ಷಮಿಸಿ ಎಂಬ ಮಾತನ್ನು ನಾನು ಕೊನೆಯವರೆಗೂ ಹೇಳಲಿಲ್ಲ, ಅವರು ಕೇಳಲಿಲ್ಲ.

ಹದಿಮೂರನೆಯ ದಿನದ ಕಾರ್ಯಕ್ಕೆ ಫೋಟೋ ಬೇಕಾಗಿತ್ತು. ನಿವೃತ್ತಿಯ ದಿನ ತೆಗೆದದ್ದನ್ನು ನಾನು ಮನೆಯ ಪ್ರಿಂಟರಿನಲ್ಲೇ ಪ್ರಿಂಟಿಗೆ ಕೊಟ್ಟೆ. ಅವರ ಮುಖದ ಮೇಲೆ ಬಿಳಿ ಗೆರೆಗಳು ಬಂದವು. ಊರಿಗೆ ಬಂದಿದ್ದ ಗಂಡ, "ಇರಲಿ ಬಿಡು, ಯಾರು ನೋಡ್ತಾರೆ? ಜನ ಬಂದಾಯ್ತು" ಎಂದರು. ನಾನು ಪ್ರಿಂಟರಿನ ಶಾಯಿಯ ಬಾಯಿ ತೊಳೆಯುವ ಆಜ್ಞೆ ಕೊಟ್ಟು, ಕೈಕಟ್ಟಿ ಕಾದೆ. ಎರಡನೆಯ ಹಾಳೆಯಲ್ಲಿ ಕಿವಿಯ ಹತ್ತಿರ ಒಂದೇ ಗೆರೆ ಉಳಿದಿತ್ತು. ಗಂಡ ಅದನ್ನು ತೆಗೆದುಕೊಳ್ಳಲು ಕೈ ಚಾಚಿದರು. ನಾನು ಕೊಡಲಿಲ್ಲ. ಇನ್ನೊಮ್ಮೆ ತೊಳೆದು, ಇನ್ನೂ ಹತ್ತು ನಿಮಿಷ ಅಷ್ಟೂ ನೆಂಟರನ್ನು ಕಾಯಿಸಿ, ಮೂರನೆಯ ಹಾಳೆ ತೆಗೆದೆ. ಅದರಲ್ಲಿ ಗೆರೆ ಇರಲಿಲ್ಲ.