ಏರಿಯ ಮೇಲಿನ ಹೆಂಗಸು

ಅಕ್ಕಿಕಾಳಿನಷ್ಟು ಉದ್ದದ ಒಂದು ಪೆನ್ಸಿಲ್ ಗೆರೆ. ಅದರ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು. ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ‘ಸೀರೆ ಕೆಂಪು’ ಎಂದಿದೆ. ಮೊನ್ನೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಸುಣ್ಣ ಹೊಡೆಸಲು ಬೀರು ಸರಿಸಿದಾಗ ಹಿಂದಿನಿಂದ ಸಿಕ್ಕಿದ ಹಾಳೆ ಇದು. ಉಳಿದದ್ದೆಲ್ಲ ಕುಣಿಗಲ್ ಕೆರೆ. ನೀವು ನೋಡಿದರೆ ಕೆರೆ ಚೆನ್ನಾಗಿದೆ ಎನ್ನುತ್ತೀರಿ. ಆ ಗೆರೆ ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಅದು ನನ್ನ ಅಮ್ಮ.

ಅಮ್ಮ ತೀರಿಹೋದಾಗ ನನಗೆ ಒಂದೂವರೆ ವರ್ಷ. ಅವಳದೊಂದು ಫೋಟೊ ಕೂಡ ಇಲ್ಲ. ಸ್ಟುಡಿಯೊಗೆ ಹೋಗುವುದನ್ನು ಅಪ್ಪ ಹಬ್ಬದಿಂದ ಹಬ್ಬಕ್ಕೆ ಮುಂದೂಡುತ್ತಲೇ ಇದ್ದನಂತೆ. ಆದರೆ ಅವನು ಕುಣಿಗಲ್‌ನಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ ಕಾಲದಲ್ಲಿ ಊರಿಗೊಬ್ಬ ಚಿತ್ರಕಾರ ಬಂದು ಕೆರೆಯನ್ನು ಬರೆದ. ಬರೀ ನೀರು, ಆಕಾಶ ಸಪ್ಪೆಯೆನಿಸಿ, ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲುವಂತೆ ಅಮ್ಮನನ್ನು ಕೇಳಿಕೊಂಡ. ಆ ಚಿತ್ರ ಮುಂದೆ ಬೆಂಗಳೂರಿನ ಒಂದು ಕಲಾ ಸಂಗ್ರಹಾಲಯ ಸೇರಿತು. ನಾನು ಬೆಳೆದದ್ದು ಅಪ್ಪನ ಬಾಯಲ್ಲಿ ಅದರ ವರ್ಣನೆ ಕೇಳುತ್ತ: ಅಮ್ಮನ ಮೂಗುಬೊಟ್ಟು, ಬಿಸಿಲಿಗೆ ಕಿರಿದಾದ ಕಣ್ಣು, ನಗು ತಡೆದ ತುಟಿ.

ಹೋಗಿ ನೋಡಬಾರದಿತ್ತೇ ಎಂದು ಕೇಳುತ್ತೀರಿ. ಎಂ.ಎ.ಗೆಂದು ಎರಡು ವರ್ಷ ಬೆಂಗಳೂರಿನಲ್ಲೇ ಇದ್ದೆ. ಹಾಸ್ಟೆಲಿನವರಿಗೆ ಎಲ್ಲಿಗೆ, ಯಾಕೆ ಎಂದು ಹೇಳಬೇಕಾಗುತ್ತದೆ ಎಂಬುದು ನನ್ನ ನೆಪ. ಇಂಥ ನೆಪಗಳಲ್ಲಿ ನಾನು ಜಾಣೆ.

ತೊಂಬತ್ತರ ದಶಕದ ಕೊನೆಗೆ ಅಪ್ಪ ಕಿಡ್ನಿ ಕೆಟ್ಟು ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ. ಒಂದು ದಿನ ಇದ್ದಕ್ಕಿದ್ದಂತೆ, “ಹೋಗಿ ಆ ಕೆರೆ ಚಿತ್ರಾನ ಬರ್ಕೊಂಡ್ ಬಾರಮ್ಮ,” ಎಂದ. “ಹೆಂಗೈತೋ ಹಂಗೇ ಬರೀಬೇಕು. ನಿನ್ ಕೈಯಿಂದ ಏನೂ ಸೇರಿಸ್ಬೇಡ.”

ಅವನನ್ನು ನೋಡಿಕೊಳ್ಳಲು ಗುಬ್ಬಿಯಿಂದ ಬಂದಿದ್ದ ಸೋದರತ್ತೆ ಸಿಡುಕಿದಳು. “ಇಂಥಾ ಟೈಮಲ್ಲಿ ಡ್ರಾಯಿಂಗ್ ಕ್ಲಾಸಾ? ಹೋಗು, ನಾನಿರ್ತೀನಿ. ನಿಮ್ಮಮ್ಮನ್ನ ನಾನೂ ಇನ್ನೊಂದ್ ಸಲ ನೋಡ್ತೀನಿ. ನಿನ್ ಮುಖದಲ್ಲಂತೂ ಅವಳದೇನೂ ಇಲ್ಲ ಕಣೇ. ಪೂರಾ ನಿಮ್ಮಪ್ಪನ ಮುಸುಡಿ.”

ಸಂಗ್ರಹಾಲಯದಲ್ಲಿ ಫೋಟೊ ತೆಗೆಯುವಂತಿರಲಿಲ್ಲ. ಕಾಪಿ ಮಾಡಬಹುದು, ಪೆನ್ಸಿಲಿನಲ್ಲಿ ಮಾತ್ರ. ಬೋರ್ಡ್ ಬರೆಯುವವರು ಹಾಳೆಯನ್ನು ಚೌಕಗಳಾಗಿ ಗೀಚಿಕೊಂಡು ಒಂದೊಂದೇ ಚೌಕ ತುಂಬುತ್ತಾರೆ. ಅಪ್ಪ ಕಲಿಸಿದ್ದು ಅದೇ. ಎರಡು ದಿನ ಆಕಾಶ, ನೀರು, ಏರಿಯ ಕಲ್ಲುಗಳನ್ನು ತುಂಬಿದೆ. ಅಮ್ಮನಿರುವ ಚೌಕವನ್ನು ಮಾತ್ರ ಕೊನೆಗೆ ಇಟ್ಟುಕೊಂಡೆ, ಎಲೆಯಲ್ಲಿ ಸಿಹಿಯನ್ನು ಉಳಿಸಿಕೊಳ್ಳುವ ಹಾಗೆ.

ಎರಡನೆಯ ದಿನ ಸಂಜೆ ಹತ್ತಿರ ಹೋದೆ. ದೂರದಿಂದ ಹೆಂಗಸು, ಹತ್ತಿರದಿಂದ ಕುಂಚದ ಒಂದು ಕೆಂಪು ಎಳೆತ, ಮೇಲೊಂದು ಕಂದು ಚುಕ್ಕಿ. ಕಣ್ಣಿಲ್ಲ, ಮೂಗಿಲ್ಲ. ಒಣಗಿದ ಬಣ್ಣವಷ್ಟೆ.

“ಅಷ್ಟ್ ದೊಡ್ಡ ಕೆರೆ ಬರ್ದ್ಬಿಟ್ರಿ, ಅದೊಂದ್ ಚುಕ್ಕಿಗೆ ಯಾಕ್ ಮೇಡಂ ಇಷ್ಟೊತ್ತು?” ಕಾವಲಿನವನು ಬೀಗದ ಕೈ ಆಡಿಸಿದ. “ಐದೂವರೆ ಆಯ್ತು.”

“ಕಷ್ಟ ಇದೆ,” ಎಂದೆ.

ಮೂಗು, ತುಟಿ ಸೇರಿಸಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಸೇರಿಸಲಿಲ್ಲ. ಹೆಂಗೈತೋ ಹಂಗೇ ಎಂದಿದ್ದನಲ್ಲ. ಅಪ್ಪನ ಮಾತು ಉಳಿಸಿಕೊಂಡೆನೆಂಬ ಸಣ್ಣ ಹೆಮ್ಮೆಯೂ ರೈಲಿನಲ್ಲಿ ನನ್ನ ಜೊತೆ ಬಂತು.

ಅಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. “ಮುಖ ಯಾಕ್ ಬುಟ್ಬುಟ್ಟೆ?”

“ಅಲ್ಲೂ ಇಲ್ಲ ಅಪ್ಪ.”

“ಸರಿಯಾಗಿ ನೋಡಿಲ್ಲ ನೀನು. ಮೂಗುಬೊಟ್ಟಿತ್ತು.”

“ಎರಡು ದಿನ ನೋಡಿದೀನಿ. ಇಲ್ಲ.”

ಅತ್ತೆ ಕಣ್ಣಲ್ಲೇ ನನ್ನನ್ನು ಗದರಿದಳು. ಆಗಲೇ ಹೇಳಿಯಾಗಿತ್ತು. ಅಪ್ಪ ಆ ಗೆರೆಯನ್ನು ಹೆಬ್ಬೆರಳಲ್ಲಿ ಸವರಿದ.

“ಮೂಗುಬೊಟ್ಟು ಅಂತ ಬಾಯಲ್ಲಿ ಬರ್ತದೆ,” ಎಂದ ಕೊನೆಗೆ. “ಕಣ್ ಮುಚ್ಚಿದ್ರೆ ಅವಳ್ ಮುಖಾನೇ ಕಾಣಲ್ಲ ಕಣಮ್ಮ. ಒಂದ್ ವರ್ಷ ಆಯ್ತು. ಅದಕ್ಕೇ ನಿನ್ನ ಕಳಿಸಿದ್ದು.”

ಹಾಳೆಯನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದ.

ಮಾರನೆಯ ಬೆಳಿಗ್ಗೆ ಅತ್ತೆ ಕಾಫಿ ತರಲು ಹೋದಾಗ, ಗೋಡೆಗೂ ಮಂಚಕ್ಕೂ ನಡುವೆ ಸ್ಟೂಲು ತೂರಿಸಿ ಕೂತೆ. ಹೊಸ ಹಾಳೆಯ ಮೇಲೆ ಅಪ್ಪನ ಮುಖ ಬರೆಯತೊಡಗಿದೆ: ಊದಿದ ಕೆನ್ನೆ, ಬಿಳಿ ಕುರುಚಲು, ದಿಂಬಿಗೆ ಒತ್ತಿ ಮಡಚಿಕೊಂಡ ಕಿವಿ. ನಿದ್ದೆಯಲ್ಲಿ ಕಣ್ಣು ಮುಚ್ಚಿತ್ತು. ಮುಚ್ಚಿದ ಹಾಗೆಯೇ ಬರೆದೆ.