ಅವಳ ಕೈಗೆ ನಾನು ಕೊಟ್ಟ ಚೆಂಡುಗಳು

ತೊಂಬತ್ತರ ದಶಕದ ನಡುವಿನ ಮೂರು ವರ್ಷ ನಾನು ಮಾರಿಸ್‌ವಿಲ್‌ನಲ್ಲಿ ಒಬ್ಬರ ಹೆಂಡತಿಯಾಗಿದ್ದೆ. ಈಗಲೂ ಅವರ ಹೆಂಡತಿಯೇ, ಆದರೆ ಆಗ ಅದೊಂದೇ ಆಗಿದ್ದೆ. ಗಂಡನ ಕೆಲಸದ ಮೇಲೆ ಬಂದವಳು ತಾನು ಕೆಲಸ ಮಾಡುವಂತಿಲ್ಲ ಎನ್ನುವ ವೀಸಾ ನನ್ನದು. ಬೆಳಿಗ್ಗೆ ಅವರನ್ನು ಆಫೀಸಿಗೆ ಬಿಟ್ಟು, ಕಾರು ತಂದು ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿದರೆ ಸಂಜೆ ಐದೂವರೆಯವರೆಗೆ ನನ್ನನ್ನು ಕೇಳುವವರಿರಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಿದ್ದೇನೆ. ಒಂದು ದಿನ ಮಧ್ಯಾಹ್ನ ಸಿಂಕಿನ ಮುಂದೆ ನಿಂತಿದ್ದಾಗ, ಬೆಳಗಿನಿಂದ ಒಂದು ಮಾತೂ ಆಡಿಲ್ಲವಲ್ಲ ಎಂದು ಹೊಳೆದು, ನನ್ನ ಹೆಸರನ್ನು ನಾನೇ ಜೋರಾಗಿ ಕೂಗಿಕೊಂಡೆ. ಆ ದನಿ ಕೇಳಿ ನನಗೇ ಹೆದರಿಕೆಯಾಯಿತು.

ಅಪಾರ್ಟ್‌ಮೆಂಟಿನ ಹಿಂದೆ ಪೈನ್ ಮರದ ಎಲೆ ಉದುರಿ ಮುಚ್ಚಿಹೋದ ಒಂದು ಟೆನಿಸ್ ಕೋರ್ಟ್ ಇತ್ತು. ಮೈಸೂರಿನಲ್ಲಿ ನಾನು ಯೂನಿವರ್ಸಿಟಿಗೆ ಆಡಿದವಳು. ಗಂಡನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಕೋರ್ಟನ್ನು ಕಸಪೊರಕೆಯಿಂದ ಗುಡಿಸಿ, ಒಬ್ಬಳೇ ಆಡತೊಡಗಿದೆ. ಈ ಕಡೆಯಿಂದ ಹತ್ತು ಸರ್ವ್ ಮಾಡುವುದು, ಆ ಕಡೆಗೆ ಹೋಗಿ ಚೆಂಡು ಹೆಕ್ಕಿ ಅಲ್ಲಿಂದ ಹತ್ತು ಸರ್ವ್ ಮಾಡುವುದು. ಹುಚ್ಚು ಹಿಡಿದಿದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದರಲ್ಲಿ ಅವರ ತಪ್ಪೇನಿರಲಿಲ್ಲ.

ಅವಳು ಸಿಕ್ಕಿದ್ದು ಅಲ್ಲೇ. ಎತ್ತರದ ಹೆಂಗಸು, ಮೂವತ್ತು ದಾಟಿತ್ತು. ಬೇಲಿಯ ಆಚೆ ನಿಂತು ನನ್ನನ್ನು ತುಂಬ ಹೊತ್ತು ನೋಡಿ, “ಯು ಪ್ಲೇ ವಿತ್ ಯು?” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. “ಟುಮಾರೋ ಯು ಪ್ಲೇ ವಿತ್ ಮೀ,” ಎಂದಳು.

ಕ್ರೊಯೇಷಿಯಾದವಳು. ನಮ್ಮ ಕಾಂಪ್ಲೆಕ್ಸಿನಲ್ಲೇ ಇದ್ದ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಒಂದು ಕಾಲದಲ್ಲಿ ಜಗತ್ತಿನ ಮೊದಲ ಐವತ್ತು ಆಟಗಾರ್ತಿಯರಲ್ಲಿ ಒಬ್ಬಳು. ಹದಿನಾಲ್ಕನೆಯ ವಯಸ್ಸಿಗೆ ಮನೆ ಬಿಟ್ಟು ಆಟದ ಶಾಲೆ ಸೇರಿದವಳು ಮತ್ತೆ ಒಂದು ತಿಂಗಳೂ ನೆಟ್ಟಗೆ ಮನೆಯಲ್ಲಿ ಇರಲಿಲ್ಲವಂತೆ. ಇದನ್ನೆಲ್ಲ ಅವಳು ಮುರುಕು ಇಂಗ್ಲಿಷಿನಲ್ಲಿ, ಒಂದು ದಿನಕ್ಕೆ ಒಂದು ಚೂರಿನಂತೆ, ಶೂ ಲೇಸು ಕಟ್ಟಿಕೊಳ್ಳುತ್ತ ಹೇಳಿದಳು. ಅವಳು ಚೆನ್ನಾಗಿ ಆಡುತ್ತಿದ್ದ ವರ್ಷವೇ ದೇಶ ಒಡೆದು ಅವಳ ಊರಿನ ಮೇಲೆ ಶೆಲ್ ಬೀಳತೊಡಗಿತು. ಟೂರ್ನಿಯ ಬೋರ್ಡಿನಲ್ಲಿ ಹೆಸರಿನ ಪಕ್ಕ ಯಾವ ದೇಶ ಬರೆಯಲಿ ಎಂದು ಕೇಳಿದವನಿಗೆ, ಖಾಲಿ ಬಿಡು ಎಂದಳಂತೆ. ಅಮ್ಮ ಬದುಕಿದ್ದಾರೋ ಇಲ್ಲವೋ ಎಂದು ಒಂಬತ್ತು ದಿನ ಗೊತ್ತಿರಲಿಲ್ಲ, ಆ ಒಂಬತ್ತು ದಿನದಲ್ಲಿ ಮೂರು ಪಂದ್ಯ ಗೆದ್ದಳು. ಆಮೇಲೆ ಬಲಭುಜ ಕೈಕೊಟ್ಟಿತು. ಆಪರೇಷನ್ ಆಯಿತು. ಆರು ತಿಂಗಳು ಎಂದದ್ದು ಎರಡು ವರ್ಷವಾಯಿತು.

ಈಗ ಉಳಿದದ್ದು ಒಂದೇ ದಾರಿ. ಅಟ್ಲಾಂಟಾದ ಒಂದು ಸಣ್ಣ ಟೂರ್ನಿಯವರು ಹಳೆಯ ಹೆಸರಿಗೆ ಮರ್ಯಾದೆ ಕೊಟ್ಟು ಅರ್ಹತಾ ಸುತ್ತಿಗೆ ಸೇರಿಸಿಕೊಂಡಿದ್ದರು. ಅಲ್ಲಿ ಮೂರು ಪಂದ್ಯ ಗೆದ್ದರೆ ಮುಖ್ಯ ಸುತ್ತು, ಮತ್ತೆ ರ‍್ಯಾಂಕಿಂಗ್, ಮತ್ತೆ ಆಟ. ಸೋತರೆ ಇನ್ನು ಯಾರೂ ಕರೆಯುವುದಿಲ್ಲ. ಅದಕ್ಕೆ ಎರಡು ತಿಂಗಳಿತ್ತು.

“ಅಷ್ಟು ದೊಡ್ಡ ಪ್ಲೇಯರ್ ಅಂತೀಯ, ನಿನ್ ಜೊತೆ ಯಾಕೆ ಪ್ರಾಕ್ಟೀಸ್ ಮಾಡ್ತಾಳೆ?” ಎಂದು ನನ್ನ ಗಂಡ ಕೇಳಿದರು.

“ಅವಳಿಗೂ ಬೇರೆ ಯಾರೂ ಸಿಕ್ಕಿಲ್ಲ, ಅದಕ್ಕೆ.”

“ದುಡ್ಡು ಗಿಡ್ಡು ಕೊಟ್ರೆ ತಗೋಬೇಡ ಕಣೇ. ವೀಸಾ ಪ್ರಾಬ್ಲಂ ಆಗತ್ತೆ.”

ದುಡ್ಡಂತೆ! ನಾನೇ ಕೊಟ್ಟಾದರೂ ಆಡುತ್ತಿದ್ದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ನನ್ನನ್ನು ಒಬ್ಬರು ಕಾಯುತ್ತಿದ್ದರು. ಇದರ ರುಚಿ ಏನೆಂದು ಕಾಯುವವರು ಇರುವವರಿಗೆ ಗೊತ್ತಾಗುವುದಿಲ್ಲ.

ಕೊನೆಯ ಅರ್ಧ ಗಂಟೆ ಅವಳ ಸರ್ವ್ ಅಭ್ಯಾಸ. ಮೈಸೂರಿನ ನನ್ನ ಕೋಚ್ ಸರ್ವ್ ಮಾಡುವವರನ್ನು ಬಗ್ಗಲು ಬಿಡುತ್ತಿರಲಿಲ್ಲ. ಲಯ ತಪ್ಪುತ್ತದೆ ಎಂದು ತಾವೇ ಪಕ್ಕದಲ್ಲಿ ನಿಂತು ಒಂದೊಂದೇ ಚೆಂಡನ್ನು ಕೈಗೆ ಕೊಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಬುಟ್ಟಿ ಇಟ್ಟುಕೊಂಡು ಅವಳ ಎಡಕ್ಕೆ ನಿಲ್ಲುತ್ತಿದ್ದೆ. ಅವಳು ಸರ್ವ್ ಮಾಡಿ, ಕೈ ಇಳಿಸಿ, ನೆಲ ನೋಡುತ್ತ “ಬೊಲಿ” ಎನ್ನುತ್ತಿದ್ದಳು. ಮೊದಲ ದಿನ ಅದು ನಮ್ಮ ಕಡೆಯ ಕೆಟ್ಟ ಬೈಗುಳದ ಹಾಗೆ ಕೇಳಿಸಿ ಬೆಚ್ಚಿದೆ. ಆಮೇಲೆ ಅರ್ಥವಾಯಿತು, ಅಂದರೆ ಅರ್ಥವಾಯಿತು ಎಂದುಕೊಂಡೆ. ಬಸ್ಸನ್ನು ಬಸ್ಸು, ಕಾರನ್ನು ಕಾರು, ಬಾಲನ್ನು ಬಾಲು ಅನ್ನದೆ ನಮ್ಮ ನಾಲಿಗೆಗೆ ಸಮಾಧಾನವಿಲ್ಲವಲ್ಲ, ಪಾಪ ಇವಳದೂ ಅಂಥದ್ದೇ ನಾಲಿಗೆ. ಬಾಲಿಗೆ ಒಂದು ಬಾಲ ಅಂಟಿಸಿ ಬೊಲಿ ಎನ್ನುತ್ತಿದ್ದಾಳೆ, ಇನ್ನೊಂದು ಕೊಡು ಎನ್ನುತ್ತಿದ್ದಾಳೆ. ಅವಳು ಬೊಲಿ ಎಂದಾಗಲೆಲ್ಲ ನಾನು ಅವಳ ಎಡ ಅಂಗೈಯಲ್ಲಿ ಒಂದು ಚೆಂಡು ಇಡುತ್ತಿದ್ದೆ. ಅವಳು ಅದನ್ನು ನೋಡಿ, ಒಂದು ಕ್ಷಣ ತಡೆದು, ಮೇಲಕ್ಕೆಸೆದು ಹೊಡೆಯುತ್ತಿದ್ದಳು. ಬೊಲಿ, ಚೆಂಡು. ಬೊಲಿ, ಚೆಂಡು. ನನ್ನ ಚುರುಕಿಗೆ ನಾನೇ ಬೀಗುತ್ತಿದ್ದೆ.

ಅಟ್ಲಾಂಟಾಗೆ ನಾನೇ ಡ್ರೈವ್ ಮಾಡಿದೆ, ಆರು ಗಂಟೆಯ ದಾರಿ. ನನ್ನ ಗಂಡ ನಾಲ್ಕು ದಿನದ ಮಟ್ಟಿಗೆ ಕಾರು ಬಿಟ್ಟುಕೊಟ್ಟಿದ್ದರು. ಶನಿವಾರ ಮೊದಲ ಪಂದ್ಯವನ್ನು ಗೆದ್ದಳು. ಸರ್ವ್ ಮೆತ್ತಗಿತ್ತು, ಆದರೆ ಎದುರಾಳಿಯನ್ನು ಆ ಮೂಲೆಯಿಂದ ಈ ಮೂಲೆಗೆ ಓಡಿಸಿ ಓಡಿಸಿ ಸುಸ್ತು ಮಾಡಿದಳು. ಸಂಜೆ ಮೋಟೆಲ್ ರೂಮಿನಲ್ಲಿ, ನಾನು ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನವನ್ನು ಇಬ್ಬರೂ ಪೇಪರ್ ತಟ್ಟೆಯಲ್ಲಿ ತಿನ್ನುತ್ತಿದ್ದೆವು. ಅವಳು ಎಡಗೈಯಲ್ಲಿ ಚಮಚ ಹಿಡಿದಿದ್ದಳು. ನನಗೆ ಖುಷಿ ಉಕ್ಕಿ ತಮಾಷೆ ಮಾಡಬೇಕೆನಿಸಿತು. ನೀನೂ ನಮ್ಮವಳೇ ಬಿಡು, ನಾವು ಬಾಲು ಅಂತೀವಿ, ನೀನು ಬೊಲಿ ಅಂತೀಯ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿ, ಅವಳ ಹಾಗೆಯೇ ತಲೆ ತಗ್ಗಿಸಿ, “ಬೊಲಿ, ಬೊಲಿ” ಎಂದು ಅಣಕಿಸಿ ತೋರಿಸಿದೆ.

ಅವಳು ಚಮಚ ಕೆಳಗಿಟ್ಟಳು. ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ನೀರು ಬಂದ ಮೇಲೂ ನಿಲ್ಲಲಿಲ್ಲ, ಆಮೇಲೆ ಅದು ನಗುವಾಗಿರಲಿಲ್ಲ. “ನಾಟ್ ಬಾಲ್,” ಎಂದಳು. ಎಡಗೈಯಿಂದ ಬಲಭುಜ ಹಿಡಿದುಕೊಂಡಳು. “ಬೊಲಿ. ಇಟ್ ಹರ್ಟ್ಸ್.”

ನೋಯುತ್ತಿದೆ, ನೋಯುತ್ತಿದೆ ಎಂದು ಅವಳು ಎರಡು ತಿಂಗಳು ತನಗೆ ತಾನೇ ಹೇಳಿಕೊಂಡಿದ್ದಳು. ಒಂದೊಂದು ಸಲಕ್ಕೂ ನಾನು ಇನ್ನೊಂದು ಚೆಂಡು ಕೊಟ್ಟಿದ್ದೆ. ನನಗೆ ಅವಳ ಎದುರು ಕೂರಲಾಗಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಳುತ್ತಿದ್ದವಳಿಗೆ ಇನ್ನೊಂದು ವಿಷಯವೂ ಹೊಳೆಯಿತು. ಹೊಳೆಯಿತು ಎನ್ನುವುದು ಸುಳ್ಳು, ಅದನ್ನು ನಾನು ಅದುಮಿಟ್ಟಿದ್ದೆ. ಬೊಲಿಯ ಅರ್ಥ ನನಗೆ ತಿಳಿದಿರಲಿಲ್ಲ, ನಿಜ. ಆದರೆ ಎರಡನೆಯ ವಾರದಿಂದ ಅವಳು ಚೆಂಡನ್ನು ಮೊದಲಿನಷ್ಟು ಎತ್ತರಕ್ಕೆ ಎಸೆಯುತ್ತಿರಲಿಲ್ಲ, ಮೊಣಕೈ ಕಿವಿಯ ಮಟ್ಟಕ್ಕೆ ಬರುತ್ತಿರಲಿಲ್ಲ, ಬ್ಯಾಗು ಎಡಭುಜಕ್ಕೆ ಹೋಗಿತ್ತು. ಹದಿನೈದು ವರ್ಷ ಟೆನಿಸ್ ಆಡಿದವಳಿಗೆ ಇದರ ಅರ್ಥ ಯಾವ ಭಾಷೆಯಲ್ಲೂ ಹೇಳಿಕೊಡಬೇಕಿಲ್ಲ. ನಿಲ್ಲಿಸು, ಡಾಕ್ಟರಿಗೆ ತೋರಿಸು ಎಂದು ಅಂದಿದ್ದರೆ ಮಾರನೆಯ ದಿನದಿಂದ ಎಂಟೂವರೆ ಗಂಟೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ. ಹಾಗಾಗಿ ನಾನು ಅನ್ನಲಿಲ್ಲ.

ಹೊರಗೆ ಬಂದು, ನಾಳೆ ಆಡಬೇಡ ಎಂದೆ. ಅವಳು ಪೇಪರ್ ತಟ್ಟೆಗಳನ್ನು ಒಂದರೊಳಗೊಂದು ಮಡಚಿ ಕಸದ ಬುಟ್ಟಿಗೆ ಹಾಕುತ್ತಿದ್ದಳು. “ಆ್ಯಂಡ್ ಮಂಡೇ?” ಎಂದಳು. “ಮಂಡೇ ವಾಟ್ ಐ ಡೂ?”

ಭಾನುವಾರ ಎದುರಿಗಿದ್ದದ್ದು ಹದಿನೇಳರ ಒಂದು ಹುಡುಗಿ, ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಳು. ಎರಡನೆಯ ಗೇಮಿನಲ್ಲೇ ಇವಳ ತೋಳು ಭುಜದಿಂದ ಮೇಲೇಳಲಿಲ್ಲ. ಆದರೂ ಆಟ ಬಿಟ್ಟು ಹೋಗಲಿಲ್ಲ. ಸಣ್ಣ ಮಕ್ಕಳ ಹಾಗೆ ಕೆಳಗಿನಿಂದ ಸರ್ವ್ ಮಾಡತೊಡಗಿದಳು. ನೋಡುತ್ತಿದ್ದ ಇಪ್ಪತ್ತು ಜನರಲ್ಲಿ ಯಾರೋ ನಕ್ಕರು. ಎದ್ದು ಹೋಗಿ ಅವರ ಕಪಾಳಕ್ಕೆ ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು, ಆದರೆ ಯಾವ ಮುಖ ಹೊತ್ತು ಬಾರಿಸುವುದು? ಜಗತ್ತಿನ ಐವತ್ತರಲ್ಲಿ ಒಬ್ಬಳಾಗಿದ್ದವಳು ಕೊನೆಯ ಪಾಯಿಂಟಿನವರೆಗೂ ಹಾಗೇ ಆಡಿ, ಒಂದೇ ಗೇಮ್ ಗೆದ್ದು, ಎಡಗೈಯಿಂದ ಆ ಹುಡುಗಿಯ ಕೈ ಕುಲುಕಿದಳು.

ಟೂರ್ನಿಯ ಡಾಕ್ಟರು ಭುಜ ಮುಟ್ಟಿ ನೋಡಿ, ಇನ್ನು ಆಡುವ ಮಾತಿಲ್ಲ ಎಂದರು. ಎಷ್ಟು ದಿನದಿಂದ ನೋವು ಎಂದು ಕೇಳಿದರು. “ಟುಡೇ,” ಎಂದಳು ಅವಳು. ಡಾಕ್ಟರು ನಂಬದೆ ನನ್ನ ಕಡೆ ತಿರುಗಿ, ನೀವು ದಿನಾ ಜೊತೆಗೆ ಆಡಿದವರು, ನಿಮಗೇನೂ ಕಾಣಲಿಲ್ಲವೇ ಎಂದರು. ಕಾಣಲಿಲ್ಲ ಎಂದೆ. ಅವರು ಅದನ್ನು ಬರೆದುಕೊಂಡರು.

ಪಾರ್ಕಿಂಗ್‌ನಲ್ಲಿ ಕಾರು ಕಾದು ಕೆಂಡವಾಗಿತ್ತು. ಅವಳ ಕೈಯನ್ನು ಜೋಲಿ ಕಟ್ಟಿ ಎದೆಗೆ ಬಿಗಿದಿದ್ದರು. ನಾನು ಬಗ್ಗಿ ಅವಳಿಗೆ ಸೀಟ್ ಬೆಲ್ಟ್ ಹಾಕುತ್ತಿದ್ದಾಗ, ಅವಳ ಮುಖ ಗೇಣು ದೂರದಲ್ಲಿತ್ತು.

“ಯು ಆರ್ ಪ್ಲೇಯರ್,” ಎಂದಳು. “ಯು ಸೀ. ಯು ನೋ.”

ಹೂಂ ಎಂದೆ.

“ವೈ ಯು ಗಿವ್ ಮೀ ಬಾಲ್?”

ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಸುಳ್ಳು ಹೇಳಿಬಿಡುತ್ತಿದ್ದೆ. ಅವಳು ಮೆಲ್ಲಗೆ, ತಿಳಿದುಕೊಳ್ಳಬೇಕೆಂದೇ ಕೇಳಿದಳು. ನೀನು ಆಟ ನಿಲ್ಲಿಸಿದರೆ ಬೆಳಿಗ್ಗೆ ಎದ್ದು ಹೋಗುವುದಕ್ಕೆ ನನಗೆ ಎಲ್ಲೂ ಜಾಗವಿಲ್ಲ ಎಂದು ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಮೀ ಆಲ್ಸೋ,” ಎಂದಳು.

ನಾನು ಆ ಕಡೆಯಿಂದ ಸುತ್ತಿ ಬಂದು ಕೂತು ಕಾರು ಸ್ಟಾರ್ಟ್ ಮಾಡಿದೆ.